500 ಪ್ರತಿ, ಒಂದು ಭೇಷ್

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್, ಜಾತ್ರೆಯ ಕರಪತ್ರ, ತೀರಿಕೊಂಡವರ ಶ್ರದ್ಧಾಂಜಲಿ ಬ್ಯಾನರು, ಹೊಟ್ಟೆ ತುಂಬಿಸುವ ಕೆಲಸ ಇವೇ. ಇದರ ನಡುವೆ ತಿಂಗಳಿಗೆ ಒಬ್ಬರೋ ಇಬ್ಬರೋ ಕೈಚೀಲದಿಂದ ನೋಟ್‌ಬುಕ್ ತೆಗೆದು ಕೌಂಟರ್ ಮೇಲೆ ಇಡುತ್ತಾರೆ. ಇಟ್ಟ ರೀತಿ ನೋಡಿದರೆ ಸಾಕು, ಇದು ಬಿಲ್ ಬುಕ್ ಗಿರಾಕಿ ಅಲ್ಲ ಅಂತ ಗೊತ್ತಾಗುತ್ತದೆ. ನೋಟ್‌ಬುಕ್ ಇಟ್ಟ ಮೇಲೂ ಕೈ ಅದರ ಮೇಲೇ ಇರುತ್ತದೆ.

"ಸರ, ಇದನ್ನ ಬುಕ್ ಮಾಡಬೇಕಿತ್ರಿ."

ಕವಿತೆ ಇರುತ್ತವೆ, ಕಥೆ ಇರುತ್ತವೆ, ಊರ ಇತಿಹಾಸ, ಆತ್ಮಕಥೆ, ಒಮ್ಮೆ ಒಬ್ಬರು ಬರೀ ಎತ್ತುಗಳ ಬಗ್ಗೆಯೇ 90 ಪುಟ ಬರೆದಿದ್ದರು (ಅದು ಬಹಳ ಚೆನ್ನಾಗಿತ್ತು). ರೇಟು ಕೇಳುತ್ತಾರೆ, ಸ್ವಲ್ಪ ಚೌಕಾಶಿ ಮಾಡುತ್ತಾರೆ. ವಾರ ಬಿಟ್ಟು ಪ್ರೂಫ್ ಒಯ್ಯಲು ಬಂದಾಗ ಬಾಗಿಲ ತನಕ ಹೋಗಿ, ಏನೋ ಮರೆತವರಂತೆ ತಿರುಗಿ ಕೇಳುತ್ತಾರೆ: "ಹೆಂಗ ಅನಸ್ತರಿ ನಿಮಗ?" ನಾನು ಟೈಪ್ ಮಾಡುವವನು. ವಿಮರ್ಶಕ ಅಲ್ಲ. ಆದರೂ ಕೇಳುತ್ತಾರೆ, ಯಾಕಂದ್ರೆ ಅವರು ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಓದಿದ ಮೊದಲ ಮನುಷ್ಯ ನಾನೇ. ಎಷ್ಟೋ ಸಲ ಕೊನೆಯವನೂ ನಾನೇ.

ಬರೆದವರಿಗೆ ತಾನು ಬರಹಗಾರ ಅನ್ನಿಸಬೇಕಾದರೆ ಅಚ್ಚಾಗಲೇಬೇಕಾ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಅಚ್ಚಾಗದಿದ್ದರೆ ಏನ್ ಬರೆದ್ರೂ ಅಷ್ಟೇ ಅನ್ನೋದು ಒಂದು. ನಿಜವಾದ ಬರಹಗಾರ ತನಗಾಗಿ ಬರೀತಾನೆ, ಅವನಿಗೆ ಯಾರ ಮೆಚ್ಚುಗೆಯೂ ಬೇಡ ಅನ್ನೋದು ಇನ್ನೊಂದು. ಇಷ್ಟು ವರ್ಷ ಪ್ರೂಫ್ ತಿದ್ದಿದ ಮೇಲೆ ನನಗೆ ಎರಡೂ ಅರ್ಧ ಸುಳ್ಳು ಅನ್ನಿಸಿದೆ. ಬರೆದವರಿಗೆ ಬೇಕಾಗಿರುವುದು ಒಂದು, ಅದನ್ನು ಅವರು ಕೇಳುವ ಹೆಸರು ಇನ್ನೊಂದು.

ಹೇಗೆ ಅಂತ ಹೇಳ್ತೀನಿ. ಒಬ್ಬರು ನಿವೃತ್ತ ಕನ್ನಡ ಶಾಲೆ ಮಾಸ್ತರು 112 ಪುಟದ ಕವನ ಸಂಕಲನ ಮಾಡಿಸಿದರು. ಡೆಮಿ 1/8, ಅಂದರೆ ಮಾಮೂಲಿ ಪುಸ್ತಕದ ಅಳತೆ, 7 ಫಾರಂ. 16 ಪುಟಕ್ಕೆ ಒಂದು ಫಾರಂ ಲೆಕ್ಕ. ಮುನ್ನುಡಿ ಬರೆಸಿದರು, ಬೆನ್ನುಡಿ ಬರೆಸಿದರು, ಮಠದ ಸ್ವಾಮಿಗಳಿಂದ ಆಶೀರ್ವಚನವನ್ನೂ ತಂದರು. ಒಂದು ಒಳ್ಳೆ ಹಳೇ ಬೈಕ್ ಬರುವಷ್ಟು ದುಡ್ಡು ಖರ್ಚಾಯಿತು. ಲೋಕಾರ್ಪಣೆಗೆ ಹೋಗಿದ್ದೆ. ಶಾಲು, ಹಾರ, ಉಪ್ಪಿಟ್ಟು, ಚಹಾ. ನಾಲ್ಕು ಜನ ಮಾತಾಡಿದರು. ನಾಲ್ವರೂ ಮುನ್ನುಡಿ ಓದಿದ್ದರು, ಕವಿತೆಯನ್ನು ಒಬ್ಬರೂ ಓದಿರಲಿಲ್ಲ. ಟೈಪ್ ಮಾಡಿದವನಿಗೆ ಇದು ಗೊತ್ತಾಗಿಬಿಡುತ್ತದೆ, ಏನ್ ಮಾಡೋದು. ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಅವರ ಮನೆಗೆ ಹೋದಾಗ ಮಂಚದ ಕೆಳಗೆ ಬಂಡಲ್‌ಗಳು ಕಂಡವು. ಕಟ್ಟಿದ ಸುತಳಿಯನ್ನೂ ಬಿಚ್ಚಿರಲಿಲ್ಲ. ಮಾಸ್ತರು ನಾಚಿಕೊಂಡು ಹಾಸಿಗೆಯ ಅಂಚನ್ನು ಕೆಳಗೆ ಎಳೆದರು.

ಇಲ್ಲಿ ಅವರ ತಪ್ಪೇನೂ ಇಲ್ಲ. ಅಚ್ಚಿಗೆ ಒಂದು ತೂಕ ಇದೆ, ಅದು ಬರೀ ಭ್ರಮೆಯಲ್ಲ. ಆ ತೂಕ ಎಲ್ಲಿಂದ ಬಂತು ಅನ್ನೋದನ್ನು ಸ್ವಲ್ಪ ನೋಡಬೇಕು.

ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದವನು ರನ್ನ. ಬಳೆಗಾರರ ಮನೆಯ ಹುಡುಗ. 993ರಲ್ಲಿ ಅಜಿತಪುರಾಣ ಬರೆದ, ಬರೆಸಿದವಳು ಅತ್ತಿಮಬ್ಬೆ. ಇದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು ಅಂತ ಪ್ರಸಿದ್ಧಿ. ಪ್ರೆಸ್ ಇಲ್ಲದ ಕಾಲ ಅದು. ಸಾವಿರ ಪ್ರತಿ ಅಂದರೆ ಓಲೆಗರಿಯನ್ನು ಹದ ಮಾಡಿ, ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆದು, ಮಸಿ ತುಂಬಿ, ಸಾವಿರ ಸಲ ಕೈಯಿಂದ ಬರೆಯುವುದು. ಯೋಚನೆ ಮಾಡಿ, ಎಷ್ಟು ದುಡ್ಡು, ಎಷ್ಟು ದಿನ, ಎಷ್ಟು ಜನ. ಒಬ್ಬ ಕವಿಯ ಮಾತಿಗೆ ಬೇರೆಯವರು ಇಷ್ಟು ಖರ್ಚು ಮಾಡುತ್ತಾರೆ ಅಂದರೆ ಆ ಮಾತಿಗೆ ಬೆಲೆ ಇದೆ ಅಂತಲೇ ಅರ್ಥ. ಅಚ್ಚಿನ ತೂಕದ ಗುಟ್ಟು ಇಷ್ಟೇ: ಬರೆದವನಲ್ಲದ ಇನ್ನೊಬ್ಬರು ತಮ್ಮ ಗಂಟಿನಿಂದ ದುಡ್ಡು ಬಿಚ್ಚಿದ್ದಾರೆ. ಮುಂದೆ ಪ್ರೆಸ್ ಬಂತು, ಪ್ರಕಾಶಕರು ಬಂದರು, ಪತ್ರಿಕೆಯ ಸಂಪಾದಕರು ಬಂದರು, ಆಗಲೂ ಲೆಕ್ಕ ಅದೇ. ಬಂದ ನೂರರಲ್ಲಿ ಐದನ್ನು ಒಬ್ಬರು ಆರಿಸಿ, ಅದಕ್ಕೆ ಕಾಗದ, ಮಸಿ, ಜಾಗ ಕೊಟ್ಟರು. ಆರಿಸಿದ್ದರಲ್ಲೇ ಇದೆ ಆ ಭೇಷ್.

ಈಗ ಏನಾಗಿದೆ ಅಂದ್ರೆ, ನನ್ನ ಅಂಗಡಿಗೆ ಬರುವ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಕೊಡುವವರು ಬರೆದವರೇ. ಪ್ರಕಾಶನದ ಹೆಸರು ಹೆಂಡತಿಯದೋ ಮಗಳದೋ ಮನೆದೇವರದೋ ಆಗಿರುತ್ತದೆ. ಅದರಲ್ಲಿ ಅವಮಾನ ಏನೂ ಇಲ್ಲ, ಕನ್ನಡದ ಎಷ್ಟೋ ದೊಡ್ಡವರು ಕೈಯಿಂದ ಹಾಕಿ ಪುಸ್ತಕ ಮಾಡಿದ್ದಾರೆ. ಆದರೆ ಆರಿಸುವವರು ನಡುವೆ ಇಲ್ಲದಿದ್ದಾಗ ಅಚ್ಚು ಹೇಳುವುದು ಒಂದೇ ಮಾತು: ಇವರ ಹತ್ತಿರ ಇಷ್ಟು ದುಡ್ಡಿತ್ತು. ಬರಹ ಹೇಗಿದೆ ಅಂತ ಅದು ಹೇಳೋದಿಲ್ಲ. ಚೆನ್ನಾಗಿಲ್ಲ ಅಂತಲೂ ಹೇಳೋದಿಲ್ಲ. ಮಾಸ್ತರು ಭೇಷ್ ಕೇಳಲು ಹೋದರು, ರಸೀದಿ ಸಿಕ್ಕಿತು.

500 ಪ್ರತಿ ಯಾಕೆ ಮಾಡಿಸ್ತಾರೆ ಅಂತ ಕೆಲವರು ಕೇಳುತ್ತಾರೆ. 500 ಓದುಗರು ಕಾದಿದ್ದಾರೆ ಅಂತಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿ ಮಷೀನಿಗೆ ಹಾಕುವ ಖರ್ಚು 100 ಪ್ರತಿಗೂ ಅಷ್ಟೇ, 1000 ಪ್ರತಿಗೂ ಅಷ್ಟೇ. ಜಾಸ್ತಿ ಹೊಡೆದಷ್ಟೂ ಒಂದೊಂದು ಪ್ರತಿ ಅಗ್ಗ ಬೀಳುತ್ತದೆ. ಮಂಚದ ಕೆಳಗಿನ ಬಂಡಲ್ ಈ ಲೆಕ್ಕದ ಕೂಸು. ಈಗ ಡಿಜಿಟಲ್ ಮಷೀನಿನಲ್ಲಿ 30 ಪ್ರತಿ ಬೇಕಾದರೂ ತೆಗೆಯಬಹುದು, ಪ್ರತಿಗೆ ಸ್ವಲ್ಪ ಹೆಚ್ಚು ಬೀಳುತ್ತದೆ ಅಷ್ಟೇ. ಹೇಳಿದರೆ ಮುಖ ಸಣ್ಣದು ಮಾಡುತ್ತಾರೆ. "ಮೂವತ್ತಕ್ಕ ಯಾರರ ಬುಕ್ ಅಂತಾರೇನ್ರಿ?"

ಇನ್ನೊಂದು ಭ್ರಮೆ ಐಎಸ್‌ಬಿಎನ್. ಹಿಂಬದಿಯಲ್ಲಿ ಗೆರೆ ಗೆರೆ ಇದ್ದರೆ ಸರ್ಕಾರ ಪುಸ್ತಕವನ್ನು ಓದಿ ಒಪ್ಪಿದೆ ಅಂತ ತಿಳಿದವರು ಬಹಳ ಮಂದಿ ಇದ್ದಾರೆ. ಅದು 13 ಅಂಕಿಯ ಒಂದು ಗುರುತಿನ ನಂಬರು, ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ನಮ್ಮ ದೇಶದಲ್ಲಿ ಅದನ್ನು ದುಡ್ಡಿಲ್ಲದೆ ಕೊಡುತ್ತಾರೆ. ಗಾಡಿ ಓಡುತ್ತೋ ಇಲ್ಲವೋ ಅನ್ನೋದಕ್ಕೂ ನಂಬರ್ ಪ್ಲೇಟಿಗೂ ಸಂಬಂಧ ಇಲ್ಲ. ಕಾಲೇಜಿನ ಉಪನ್ಯಾಸಕರಿಗೆ ಬಡ್ತಿಯ ಪಾಯಿಂಟಿಗೆ ಬೇಕಾಗುತ್ತದೆ, ಅವರು ಕೇಳುವುದು ಸರಿಯೇ, ಅದು ನೌಕರಿ ಮಾತು.

ಹಾಗೇ ಕಳ್ಳತನದ ಹೆದರಿಕೆ. "ಅಚ್ಚ ಆಗಲಿಲ್ಲಂದ್ರ ಯಾರರ ಕದ್ದು ತಮ್ಮ ಹೆಸರಿಗೆ ಮಾಡ್ಕೋತಾರ" ಅಂತ ಅವಸರ ಮಾಡುವವರಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಸ್ವಂತವಾಗಿ ಬರೆದ ಗಳಿಗೆಯಲ್ಲೇ ಅದು ನಿಮ್ಮದು. ಅಚ್ಚಾಗಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ನೋಟ್‌ಬುಕ್ಕಿನಲ್ಲೇ ಇದ್ದರೂ ನೀವೇ ಅದರ ಒಡೆಯರು. ಬದುಕಿರುವಾಗ ಪ್ರಕಟವಾದ ಬರಹದ ಹಕ್ಕು ಬರೆದವರು ತೀರಿದ ಮೇಲೂ 60 ವರ್ಷ ಇರುತ್ತದೆ. ತೀರಿದ ಮೇಲೆ ಮೊದಲ ಸಲ ಪ್ರಕಟವಾದರೆ, ಆ 60 ವರ್ಷ ಪ್ರಕಟವಾದಲ್ಲಿಂದ ಎಣಿಕೆ. ಜಗಳ ಬಂದರೆ ಯಾವಾಗ ಬರೆದದ್ದು ಅಂತ ತೋರಿಸಬೇಕಾಗುತ್ತದೆ, ಅದು ಬೇರೆ ಮಾತು. ಅಂತೂ ಕಾನೂನಿನ ಕಣ್ಣಿಗೆ ಅಚ್ಚಾಗದವನೂ ಲೇಖಕನೇ. ಕಾನೂನಿಗೆ ಇಲ್ಲದ ಅನುಮಾನ ನಮಗೇ ಜಾಸ್ತಿ.

ನನಗೂ ಇತ್ತು. 22ನೇ ವಯಸ್ಸಿನಲ್ಲಿ ನನ್ನದೊಂದು ಕವಿತೆ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂತು. ಅವ್ವ ರೊಟ್ಟಿ ಬಡಿಯುವ ಸಪ್ಪಳದ ಮೇಲೆ ಬರೆದದ್ದು. ಬಸ್ ಸ್ಟ್ಯಾಂಡಿಗೆ ಬೆಳಿಗ್ಗೆ 5 ಗಂಟೆಗೇ ಹೋಗಿ ಬಂಡಲ್ ಇಳಿಯುವುದನ್ನು ಕಾದು ನಿಂತಿದ್ದೆ. ಆ ಖುಷಿ ಸುಳ್ಳು ಅಂತ ನಾನು ಇವತ್ತಿಗೂ ಹೇಳಲಾರೆ. ಆದರೆ ಮುಂದೆ ನಡೆದದ್ದು ಕೇಳಿ. ಆಮೇಲೆ ಒಂದು ವರ್ಷ ನಾನು ಬರೆದದ್ದೆಲ್ಲಾ ಆ ಪುರವಣಿಗೆ ಹಿಡಿಸುವಂಥದ್ದು. ಅವ್ವನ ರೊಟ್ಟಿ ಆಯಿತು, ಅಪ್ಪನ ನೇಗಿಲಾಯಿತು, ಅಜ್ಜಿಯ ಕೌದಿ, ಹಿತ್ತಲ ಬೇವಿನ ಮರ. ನಮ್ಮ ಅಪ್ಪ ನೇಗಿಲು ಹಿಡಿದವರೇ ಅಲ್ಲ, ಅವರದು ಕಿರಾಣಿ ಅಂಗಡಿ. 14 ಕವಿತೆ ಕಳಿಸಿದೆ, ಒಂದೂ ಬರಲಿಲ್ಲ. ಸರಿಯಾಗಿಯೇ ಬಿಟ್ಟರು. ಆ 14ನ್ನೂ ಈಗ ಓದಿದರೆ ನನಗೇ ಗೊತ್ತಾಗುತ್ತದೆ, ಬರೆಯುವಾಗ ನನ್ನ ಕಣ್ಣು ಹಾಳೆಯ ಮೇಲೆ ಇರಲಿಲ್ಲ, ಅಂಚೆ ಡಬ್ಬಿಯ ಮೇಲಿತ್ತು.

ಇದು ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. ಆದರೆ ಮನಶ್ಶಾಸ್ತ್ರದವರು ಇದನ್ನು ಅಳೆದೇ ನೋಡಿದ್ದಾರೆ. ಅಮೆರಿಕದ ತೆರೇಸಾ ಅಮಾಬಿಲೆ 1985ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ತಮ್ಮನ್ನು ಬರಹಗಾರರು ಅಂತ ತಿಳಿದುಕೊಂಡಿದ್ದ 72 ಮಂದಿಯಿಂದ ಮೊದಲು ಒಂದು ಪುಟ್ಟ ಕವಿತೆ ಬರೆಸಿದರು. ಆಮೇಲೆ ಕೆಲವರ ಕೈಗೆ ಒಂದು ಪಟ್ಟಿ ಕೊಟ್ಟು, ನೀವು ಬರೆಯಲು ಯಾವ ಕಾರಣ ಹೆಚ್ಚು ಮುಖ್ಯ, ಯಾವುದು ಕಡಿಮೆ, ಸಾಲಾಗಿ ಜೋಡಿಸಿ ಅಂದರು. ಪಟ್ಟಿಯಲ್ಲಿ ಇದ್ದದ್ದೆಲ್ಲಾ ಹೊರಗಿನ ಕಾರಣಗಳು, ಮೇಷ್ಟ್ರು ಮೆಚ್ಚಬೇಕು, ದುಡ್ಡು ಬರಬೇಕು ಇಂಥವು. ಇನ್ನು ಕೆಲವರಿಗೆ ಬರೆಯುವ ಸುಖದ ಕಾರಣಗಳ ಪಟ್ಟಿ. ಉಳಿದವರಿಗೆ ಪಟ್ಟಿಯೇ ಇಲ್ಲ. ನಂತರ ಎಲ್ಲರಿಂದಲೂ ಇನ್ನೊಂದು ಕವಿತೆ. ಯಾರು ಬರೆದದ್ದು ಅಂತ ಗೊತ್ತಿಲ್ಲದ ಕವಿಗಳು ಅವನ್ನು ಓದಿ ಅಂಕ ಹಾಕಿದರು. ಹೊರಗಿನ ಕಾರಣ ಜೋಡಿಸಿದವರ ಎರಡನೇ ಕವಿತೆ ಸೊರಗಿತ್ತು. ಕೆಲವೇ ನಿಮಿಷ ಹೆಸರು, ದುಡ್ಡಿನ ಬಗ್ಗೆ ಯೋಚನೆ ಮಾಡಿದ್ದಕ್ಕೆ ಅಷ್ಟು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಬರೆಯುವ ಸುಖ ನೆನಪು ಮಾಡಿಕೊಂಡವರ ಕವಿತೆ, ಪಟ್ಟಿಯೇ ಇಲ್ಲದವರಿಗಿಂತ ಹೇಳಿಕೊಳ್ಳುವಷ್ಟು ಮೇಲೇನೂ ಏರಲಿಲ್ಲ. ಅಂದರೆ ಅವರು ಮೊದಲೇ ಆ ಸುಖಕ್ಕೇ ಬರೆಯುತ್ತಿದ್ದರು.

ಹಾಗಾದರೆ ಪ್ರಶಸ್ತಿ, ಪ್ರಕಟಣೆ ಎಲ್ಲಾ ವಿಷವಾ? ಅವಸರ ಮಾಡಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ನರ್ಸರಿ ಮಕ್ಕಳ ಮೇಲೆ ಮಾಡಿದ ಪ್ರಯೋಗ ಇದಕ್ಕಿಂತ ಹೆಸರಾದದ್ದು. ಚಿತ್ರ ಬಿಡಿಸಲು ಇಷ್ಟಪಡುವ ಮಕ್ಕಳನ್ನೇ ಆರಿಸಿದರು. ಕೆಲವರಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಕೆಲ ದಿನ ಬಿಟ್ಟು, ಆಡುವ ಹೊತ್ತಿನಲ್ಲಿ ಯಾರು ಎಷ್ಟು ಚಿತ್ರ ಬಿಡಿಸುತ್ತಾರೆ ಅಂತ ಮರೆಯಲ್ಲಿ ನಿಂತು ನೋಡಿದರು. ಮೊದಲೇ ಆಸೆ ಹುಟ್ಟಿಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬಿಡಿಸಿದರು. ಆದರೆ ಹೇಳದೆ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ, ಅವರು ಹಾಯಾಗಿ ಬಿಡಿಸುತ್ತಿದ್ದರು. ಸರ್ಟಿಫಿಕೇಟು ಎರಡೂ ಕಡೆ ಒಂದೇ. ಅದು ಬರೆಯುವ ಮೊದಲು ತಲೆಯಲ್ಲಿ ಕೂತಿತ್ತೋ, ಬರೆದಾದ ಮೇಲೆ ಬಂತೋ ಅನ್ನುವುದರಲ್ಲಿ ಎಲ್ಲಾ ಇದೆ. ರೊಟ್ಟಿಯ ಕವಿತೆ ನನಗೆ ಎರಡನೇ ಥರ ಬಂದದ್ದು. ನೇಗಿಲಿನ ಕವಿತೆ ಮೊದಲನೇ ಥರ.

ಇನ್ನು "ನಾ ನನ್ನ ಸಲುವಾಗಿ ಬರಿತೀನಿ" ಅನ್ನುವವರ ಕಡೆ ಬರೋಣ. ಅಂಥ ಬರಹ ಖಂಡಿತ ಇದೆ. 1986ರಲ್ಲಿ ಪೆನ್ನೆಬೇಕರ್, ಬೀಲ್ ಅನ್ನುವವರು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ ಬರೆಸಿದರು. ಬರೆದ ಹೊತ್ತಿಗೆ ಮನಸ್ಸು ಕೆಟ್ಟಿತು, ಆದರೆ ಮುಂದಿನ ತಿಂಗಳುಗಳಲ್ಲಿ ನೋವನ್ನೂ ಅದರ ಹಿಂದಿನ ಭಾವನೆಯನ್ನೂ ಬರೆದವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಅಂಥ ಬರಹಕ್ಕೆ ಓದುಗ ಬೇಕಿಲ್ಲ. ಬರೆದು ಹರಿದು ಒಲೆಗೆ ಹಾಕಿದರೂ ನಡೆಯುತ್ತದೆ. ಆದರೆ ಕವಿತೆಯನ್ನು ಹತ್ತು ಸಲ ತಿದ್ದಿ, ಪ್ರಾಸ ಕೂಡಿಸಿ, ಒಂದು ಪದಕ್ಕೆ ಮೂರು ದಿನ ಒದ್ದಾಡಿದವರು ನನಗಾಗಿ ಅಂದರೆ ನಾನು ನಂಬೋದಿಲ್ಲ. ನಮಗೆ ನಾವೇ ಹೇಳಿಕೊಳ್ಳೋದಕ್ಕೆ ಪ್ರಾಸ ಯಾಕೆ ಬೇಕು ಹೇಳಿ? ತಿದ್ದುವುದು ಅಂದರೇನೇ ಎದುರಿಗೆ ಒಬ್ಬರನ್ನು ಕೂರಿಸಿಕೊಂಡ ಹಾಗೆ. ರನ್ನನಂಥ ರನ್ನನೇ, ಆದಿಶೇಷನ ಹೆಡೆಯ ರತ್ನವನ್ನೂ ನನ್ನ ಕೃತಿರತ್ನವನ್ನೂ ಪರೀಕ್ಷೆ ಮಾಡಲು ನಿನಗೆ ಎಂಟೆದೆ ಇದೆಯಾ ಅಂತ ಸವಾಲು ಹಾಕಿದ. ಸೊಕ್ಕಿನ ಮಾತು ಹೌದು. ಆದರೂ ಕೇಳಿಸಿಕೊಳ್ಳಿ, ಪರೀಕ್ಷೆ ಮಾಡೋರು ಬರಲಿ ಅಂತ ಬಾಗಿಲು ತೆರೆದೇ ಇಟ್ಟಿದ್ದಾನೆ.

ಅಚ್ಚಿಲ್ಲದೆ ಭೇಷ್ ಸಿಗುತ್ತಾ? ಸಿಗುತ್ತಿತ್ತು. ನಮ್ಮ ಜಿಲ್ಲೆಯಲ್ಲೇ, ಬೀಸುವ ಕಲ್ಲಿನ ಮುಂದೆ.

ಬೆಳಗಿನ ಜಾವ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ಒಬ್ಬಳು ಸೊಲ್ಲೆತ್ತಿದರೆ ಇನ್ನೊಬ್ಬಳು ಸೇರಿಕೊಳ್ಳಬೇಕು. ಮೂರು ಸಾಲಿನ ಪದ, ಕಲ್ಲಿನ ಸುತ್ತಿಗೆ ಹೊಂದಬೇಕು. ಹೊಸ ಸಾಲು ಸೊಗಸಾಗಿದ್ದರೆ ಎದುರಿನವಳು ಅದನ್ನು ಹಿಡಿದು ಮತ್ತೆ ಹಾಡುತ್ತಾಳೆ. ಇಲ್ಲದಿದ್ದರೆ ಹಾಗೇ ಬಿಟ್ಟು ಮುಂದಿನ ಪದಕ್ಕೆ ಹೋಗುತ್ತಾಳೆ. ಸಂಪಾದಕರ ಪತ್ರಕ್ಕೆ ಮೂರು ತಿಂಗಳು ಕಾಯೋದು ಬೇಡ, ಜೋಳ ಹಿಟ್ಟಾಗುವುದರೊಳಗೆ ತೀರ್ಮಾನ ಆಗುತ್ತಿತ್ತು. ಚೆನ್ನಾಗಿದ್ದದ್ದು ಮಗಳ ಮದುವೆ ಆದಾಗ ಅವಳ ಜೊತೆ ಇನ್ನೊಂದು ಊರಿಗೆ ಹೋಗುತ್ತಿತ್ತು. ನಮ್ಮವರ ಎರಡನೇ ಮುದ್ರಣ ಅಂದರೆ ಅದು. ಕಟ್ಟಿದವಳ ಹೆಸರು ಯಾರಿಗೂ ಗೊತ್ತಿಲ್ಲ. ಅವಳಿಗೆ ಮಾತ್ರ ಗೊತ್ತಿತ್ತು, ಎದುರಿನವಳು ಯಾವ ಸಾಲಿಗೆ ಕಣ್ಣು ಒರೆಸಿಕೊಂಡಳು ಅಂತ.

ಭೀಮಾ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರೆಲ್ಲಾ ಸೇರಿದ ಗೆಳೆಯರ ಗುಂಪು ಈ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡಿತು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಓದಿದವರು ದಂಗಾದರು. ಹಾಡು ಕಟ್ಟಿದವರಿಗೆ ಆ ಪುಸ್ತಕದಿಂದ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ, ಸಿಗಬೇಕಾದದ್ದು ಕಲ್ಲಿನ ಮುಂದೆಯೇ ಸಿಕ್ಕಿತ್ತು. ಪುಸ್ತಕ ಬೇಕಾಗಿದ್ದದ್ದು ನಮಗೆ, ಅಂದರೆ ಬೀಸುವ ಕಲ್ಲನ್ನೇ ನೋಡದೆ ಹುಟ್ಟಿದವರಿಗೆ.

ಇದೇ ಮಾತು ಫ.ಗು. ಹಳಕಟ್ಟಿಯವರ ವಿಷಯದಲ್ಲೂ. ವಿಜಯಪುರದಲ್ಲಿ ವಕೀಲರಾಗಿದ್ದವರು. ಮಠ, ಮನೆ ಅಂತ ತಿರುಗಿ ವಚನದ ಓಲೆಗರಿ ಕಟ್ಟುಗಳನ್ನು ಹುಡುಕಿದರು. ಎಷ್ಟೋ ಕಡೆ ಅವು ದೇವರ ಜಗಲಿಯ ಮೇಲೆ ಪೂಜೆಗೆ ಇದ್ದವು, ಓದುವುದಕ್ಕೆ ಅಲ್ಲ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. 1925ರಲ್ಲಿ ಹಿತಚಿಂತಕ ಅನ್ನುವ ಸ್ವಂತ ಮುದ್ರಣಾಲಯವನ್ನೇ ಇಲ್ಲಿ ಹಾಕಿದರು, ಅದಕ್ಕಾಗಿ ಮನೆ ಮಾರಿದರು ಅಂತ ನಮ್ಮೂರಲ್ಲಿ ಇವತ್ತಿಗೂ ಹೇಳುತ್ತಾರೆ. ಮರುವರ್ಷ ಶಿವಾನುಭವ ಪತ್ರಿಕೆ. ಇಷ್ಟೆಲ್ಲಾ ಮಾಡಿದ್ದು 12ನೇ ಶತಮಾನದವರ ಮಾತಿಗೆ. ಬಸವಣ್ಣ ವಚನದ ಕೊನೆಗೆ ಹಾಕಿದ್ದು ಕೂಡಲಸಂಗಮದೇವ ಅಂತ, ತನ್ನ ಹೆಸರಲ್ಲ. ಬರೆದವರು ಭೇಷ್ ಕೇಳುವ ಸ್ಥಿತಿಯಲ್ಲೇ ಇಲ್ಲದಾಗ ಅಚ್ಚು ಮಾಡುವ ನಿಜವಾದ ಕೆಲಸ ಏನು ಅಂತ ಇಲ್ಲಿ ಕಾಣುತ್ತದೆ: ಮಾತನ್ನು ಹುಳ ತಿನ್ನದಂತೆ ಉಳಿಸಿ, ಗೊತ್ತಿಲ್ಲದವರ ಕೈಗೆ ಮುಟ್ಟಿಸುವುದು. ನಾವು ಆ ಕೆಲಸದ ಮೇಲೆ ಇನ್ನೊಂದು ಹೊರೆ ಹೇರಿದ್ದೇವೆ. ನಾನು ಯಾರು ಅಂತ ನೀನೇ ಹೇಳು ಅಂತ ಪ್ರೆಸ್ಸಿನ ಮಷೀನನ್ನು ಕೇಳಿದರೆ ಅದು ಏನ್ ಹೇಳೀತು?

ಹಾಗಂತ ನಾನು ಯಾರಿಗೂ ಪುಸ್ತಕ ಮಾಡಿಸಬೇಡಿ ಅನ್ನೋದಿಲ್ಲ. ನನ್ನ ಅಂಗಡಿ ಬಾಡಿಗೆ ಯಾರು ಕೊಡ್ತಾರೆ ಆಮೇಲೆ? ಆದರೆ ಈಗ ನೋಟ್‌ಬುಕ್ ತಂದವರನ್ನು ಒಂದು ಮಾತು ಕೇಳ್ತೀನಿ. "ಇದನ್ನ ಇಲ್ಲೀ ಮಟಾ ಯಾರ್ಯಾರು ಓದ್ಯಾರ್ರಿ?" ಯಾರೂ ಇಲ್ಲ ಅಂದರೆ, ಮೊದಲು ಮೂರು ಪ್ರತಿ ಝೆರಾಕ್ಸ್ ತೆಗೆದುಕೊಡ್ತೀನಿ, ಮುಲಾಜಿಲ್ಲದೆ ಮಾತಾಡುವ ಮೂವರಿಗೆ ಕೊಡಿ, ಒಂದು ತಿಂಗಳು ಬಿಟ್ಟು ಬನ್ನಿ ಅಂತೀನಿ. ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗಿದ್ದಾರೆ. ಕೆಲವರು ತಿದ್ದಿದ ಗುರುತು ತುಂಬಿದ ಹಾಳೆ ಹಿಡಿದು ವಾಪಸ್ ಬಂದಿದ್ದಾರೆ, ಮುಖದಲ್ಲಿ ಬೇರೆಯೇ ಕಳೆ ಇರುತ್ತದೆ.

ಹೋದ ಬೇಸಿಗೆ ಒಬ್ಬ ಅಮ್ಮ ಬಂದರು. ವಯಸ್ಸು 65 ದಾಟಿರಬೇಕು. ಹಾಲಿನ ಲೆಕ್ಕದ ಡೈರಿಯಲ್ಲಿ ಹಿಂದಿನಿಂದ ಬರೆದುಕೊಂಡು ಬಂದಿದ್ದರು. ತವರುಮನೆ, ಅಲ್ಲಿಯ ಬಾವಿ, ಬಾವಿಯಲ್ಲಿ ಬಿದ್ದ ಬಿಂದಿಗೆ, ತಂಗಿಯ ಜೊತೆ ಕದ್ದು ತಿಂದ ಬೆಲ್ಲ. 23 ಪುಟ ಆಯಿತು. ಬುಕ್ ಮಾಡೋಣವಾ ಅಂದೆ. "ಏ ಬ್ಯಾಡ ತಮ್ಮಾ. ನಮ್ಮ ತಂಗಿಗೆ ಕಣ್ಣು ಸರಿ ಕಾಣಂಗಿಲ್ಲ, ಅಕ್ಷರ ದೊಡ್ಡು ಮಾಡಿ ಎರಡು ಪ್ರತಿ ಕೊಡು" ಅಂದರು. 18 ಪಾಯಿಂಟಿನಲ್ಲಿ ತೆಗೆದು ಸ್ಪೈರಲ್ ಹಾಕಿ ಕೊಟ್ಟೆ.

ಹತ್ತು ದಿನ ಬಿಟ್ಟು ಮತ್ತೆ ಬಂದರು. ನೀರು ಕುಡಿದು, ಸೆರಗಿನಿಂದ ಬೆವರು ಒರೆಸಿಕೊಂಡು, ಸ್ಪೈರಲ್ ತೆಗೆದು 11ನೇ ಪುಟ ಬಿಡಿಸಿದರು. ಅಂಚಿನಲ್ಲಿ ಪೆನ್ಸಿಲ್ ಗೆರೆ ಇತ್ತು.

"ಬೆಲ್ಲ ಕದ್ದಾಕಿ ನಾ ಅಂತ ಬರದೀನಲ್ಲ, ಆಕಿ ಓದಿ ಬಿದ್ದು ಬಿದ್ದು ನಕ್ಕಳು. ಕದ್ದಾಕಿ ತಾನಂತ. ನಾ ಬಾಗಲಾ ಕಾದಾಕಿ ಅಂತ. ಅವತ್ತ ಅಪ್ಪ ಬಂದಿದ್ದು, ನಾವು ಕಣಜದಾಗ ಅಡಗಿದ್ದು, ಎಲ್ಲಾ ನೆನಪು ಮಾಡಿದಳು. ಇನ್ನ ನಾಕು ಹಾಳಿ ಆಗ್ತದ ನೋಡು."

ಚೀಲದಿಂದ ಡೈರಿ ತೆಗೆದರು. ಈ ಸಲ ಹೊಸದು.

"ಹಿಂದಿಂದು ಕಂಪ್ಯೂಟರಿನ್ಯಾಗ ಇಟ್ಟೀಯಿಲ್ಲೋ? ಅಳಿಸಿಗಿಳಿಸಿ ಬಿಟ್ಟೀಯೇನು?"